ಗಣಿ ಗುಡ್ಡದ ಮೇಲಿನ ಬಿಳಿ ಹುಡುಗಿ

ಲಿವರ್‌ಪೂಲ್‌ಗೆ ಹೋದವರು ಹಡಗು ಬಂದರು, ಬೀಟಲ್ಸ್, ಫುಟ್‌ಬಾಲ್ ಮೈದಾನ ಅಂತ ಸುತ್ತಿ ವಾಪಸಾಗುತ್ತಾರೆ. ಅರ್ಧ ದಿನ ಮಿಕ್ಕಿದರೆ ಸೇಂಟ್ ಹೆಲೆನ್ಸ್ ಊರಿನ ಸಟನ್ ಮ್ಯಾನರ್‌ಗೆ ಹೋಗಿ, ಹಳೇ ಗಣಿ ಗುಡ್ಡದ ಮೇಲಿರುವ ದೊಡ್ಡ ಬಿಳಿ ಶಿಲ್ಪ ನೋಡಿ ಬನ್ನಿ. ಲೈಮ್ ಸ್ಟ್ರೀಟ್ ನಿಲ್ದಾಣದಿಂದ ಲೀ ಗ್ರೀನ್‌ಗೆ ರೈಲಿದೆ. ಅಲ್ಲಿಂದ ನಾವು ನಡೆದೇ ಹೋದೆವು. ಮಂಡಿ ನೋವಿನವರು ಜೊತೆಗಿದ್ದರೆ ಟ್ಯಾಕ್ಸಿ ಹಿಡಿದು ಜುಬಿಟ್ಸ್ ಲೇನ್ ಅನ್ನಿ. ಕಾರಿದ್ದವರು ಎಂ62 ಹೆದ್ದಾರಿಯ 7ನೇ ಜಂಕ್ಷನ್‌ನಲ್ಲಿ ಹೊರಬೀಳಬೇಕು.

ಹೆದ್ದಾರಿಯಿಂದಲೇ ಕಂಡರೆ ಸಾಕು ಅಂದುಕೊಳ್ಳಬೇಡಿ. ಹಳೇ ಗಣಿಯ ಗೇಟಿನಿಂದ ಹತ್ತಿಯೇ ಹೋಗಬೇಕು. 1991ರಲ್ಲಿ ಮುಚ್ಚಿದ ಕಲ್ಲಿದ್ದಲು ಗಣಿಯಿದು. ಒಳಗಿಂದ ತೆಗೆದು ಸುರಿದ ಕಸದ ರಾಶಿಯೇ ಈಗಿನ ಗುಡ್ಡ, ಅದರ ತುಂಬ ಮರ. ಮಳೆ ನಿಂತ ಮಾರನೇ ದಿನ ನಾನು ಚಪ್ಪಲಿ ಹಾಕಿಕೊಂಡು ಹೋಗಿ ಕೆಸರಲ್ಲಿ ಒಂದು ಚಪ್ಪಲಿಯನ್ನು ಎರಡು ಸಲ ಹುಡುಕಬೇಕಾಯಿತು. ಶೂ ಹಾಕಿಕೊಳ್ಳಿ, ನೀರು ಒಯ್ಯಿರಿ.

ತುದಿಯಲ್ಲಿ ಮರಗಳು ಬಿಟ್ಟುಕೊಟ್ಟ ಕಡೆ ಥಟ್ಟನೆ ಆಕೆ ಎದುರಾಗುತ್ತಾಳೆ: ಕಣ್ಣು ಮುಚ್ಚಿಕೊಂಡ ಹುಡುಗಿಯ ತಲೆ, ಕುತ್ತಿಗೆ, ಅಷ್ಟೇ. 20 ಮೀಟರ್ ಎತ್ತರ, ಬೆಳ್ಳಗೆ. ಸ್ಪೇನಿನ ಶಿಲ್ಪಿ ಜೌಮೆ ಪ್ಲೆನ್ಸಾ 2009ರಲ್ಲಿ ಮಾಡಿದ್ದು, ಹೆಸರು 'ಡ್ರೀಮ್'. ಕಲ್ಲಿದ್ದಲಿನ ಕಪ್ಪಿಗೆ ಎದುರಾಗಿ ಬೇಕೆಂದೇ ಡಾಲೊಮೈಟ್ ಕಲ್ಲಿನ ಬಿಳಿ ಕಾಂಕ್ರೀಟು.

ಮೊದಲು ಪ್ಲೆನ್ಸಾ ತಂದಿದ್ದು ಗಣಿ ದೀಪದ ಕಲ್ಪನೆಯನ್ನಂತೆ. ಮಾಜಿ ಗಣಿ ಕಾರ್ಮಿಕರೇ ಬೇಡ ಅಂದರು. ಕಳೆದುಹೋದದ್ದನ್ನು ಅಳುತ್ತಾ ನಿಲ್ಲುವ ಕಂಬ ಬೇಡ, ಮುಂದೆ ನೋಡುವಂಥದ್ದು ಮಾಡಿ ಅಂದರು. ನನ್ನನ್ನು ಕೇಳಿದ್ದರೆ ದೀಪಕ್ಕೇ ಓಟು ಹಾಕುತ್ತಿದ್ದೆ. ಗುಡ್ಡ ಹತ್ತಿದ ಮೇಲೆ ಕಾರ್ಮಿಕರೇ ಸರಿ ಅನ್ನಿಸಿತು.

ಫೋಟೋ ತೆಗೆದು ಹೊರಟುಬಿಡಬೇಡಿ, ಕಾಲಡಿ ನೋಡಿ. ಹುಡುಗಿ ನಿಂತಿರುವ ದುಂಡು ಪೀಠ ಕಾರ್ಮಿಕರ ಬಿಲ್ಲೆಯ ಆಕಾರದ್ದು. ಗಣಿಗೆ ಇಳಿಯುವವನಿಗೊಂದು ನಂಬರಿನ ಬಿಲ್ಲೆ. ಬಿಲ್ಲೆ ಲೆಕ್ಕಕ್ಕೆ ಬರಲಿಲ್ಲವೆಂದರೆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದರ್ಥ. ನನ್ನವಳು ಅದರ ಅಂಚಿನ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಒಂದು ಸುತ್ತು ಬಂದಳು. ನಾಯಿ ಓಡಾಡಿಸಲು ಬಂದ ಊರಿನವರು ಮಾತ್ರ ತಲೆಯೆತ್ತಿ ನೋಡದೆ ದಾಟಿ ಹೋದರು.

ವಾಪಸ್ ಬರುವಾಗ ಮುಂದಿನ ನಿಲ್ದಾಣ ರೈನ್‌ಹಿಲ್‌ನಲ್ಲಿ ಇಳಿದು ಟೀ ಕುಡಿಯಿರಿ. 1829ರ ಉಗಿಬಂಡಿ ಪಂದ್ಯದಲ್ಲಿ 'ರಾಕೆಟ್' ಗೆದ್ದದ್ದು ಇಲ್ಲೇ.