ಪೂರ್ತಿ ಒಂದು ನಿಮಿಷ

ನಮಗೆ ನರ್ಸಿಂಗ್ ಕಲಿಸಿದ ಮೇಡಂ ತೀರಿಕೊಂಡಾಗ, ಜುಲೈ ತಿಂಗಳ ಜಡಿಮಳೆಯಲ್ಲಿ ಅವರ ಮನೆಯಂಗಳದಲ್ಲಿ ನಮ್ಮ ತಂಡದ ಹನ್ನೊಂದು ಮಂದಿ ಕೊಡೆ ಹಿಡಿದು ನಿಂತಿದ್ದೆವು. ಇಬ್ಬರು ಕೊಲ್ಲಿಯಿಂದ ರಜೆ ಹಾಕಿ ಬಂದಿದ್ದರು. ನರ್ಸಿಂಗ್ ಶಾಲೆಯ ಮೂರು ವರ್ಷಗಳಲ್ಲಿ ಓದಿದ ಪಾಠಗಳಲ್ಲಿ ಎಷ್ಟು ಉಳಿದಿವೆಯೋ ಹೇಳಲಾರೆ. ಮೇಡಂ ಮಾತ್ರ ಅಕ್ಷರಶಃ ಉಳಿದಿದ್ದಾರೆ.

ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದನ್ನು ಅವರು ಒಪ್ಪುತ್ತಿರಲಿಲ್ಲ. ತಾಳ ತಪ್ಪುವ ಹೃದಯ ಕಾಲು ನಿಮಿಷದಲ್ಲೇ ಸಿಕ್ಕಿಬೀಳಬೇಕೆಂದಿಲ್ಲ, ಪೂರ್ತಿ ಅರವತ್ತು ಸೆಕೆಂಡು ಎಣಿಸಬೇಕು. ಅದಕ್ಕೂ ಮೊದಲು ರೋಗಿಯ ಮುಖ ನೋಡಿ "ವಣಸ್ ಆಂಡಾ?" (ಊಟ ಆಯಿತೇ?) ಎಂದು ಕೇಳಬೇಕು. ತುಳು ಬಾರದ ಘಟ್ಟದ ಮೇಲಿನ ಹುಡುಗಿಯರಿಗೂ ಮೊದಲ ವಾರವೇ ಆ ಎರಡು ಪದ ಬಾಯಿಪಾಠವಾಗಿತ್ತು.

1995ರ ವಿಜಯದಶಮಿಯ ಸಂಜೆ. ಮಂಗಳೂರಿನಲ್ಲಿ ಎಲ್ಲಿ ನೋಡಿದರೂ ಹೊಸ ಕಟ್ಟಡ, ಪ್ರತಿ ವಾರ್ಡಿನಲ್ಲೂ ಮಲೇರಿಯಾ. ನನಗೂ ನನ್ನ ಗೆಳತಿಗೂ ಕುದ್ರೋಳಿ ದೇವಸ್ಥಾನದ ದಸರಾ ಮೆರವಣಿಗೆ ನೋಡುವ ತವಕ. ಪಾದರಸದ ಥರ್ಮಾಮೀಟರನ್ನು ಹನ್ನೆರಡು ಕಂಕುಳಲ್ಲಿ ಇಟ್ಟು ಕಾಯುವ ತಾಳ್ಮೆಯಿಲ್ಲದೆ ಆರು ಗಂಟೆಯ ಟಿಪಿಆರ್ (ಮೈ ಬಿಸಿ, ನಾಡಿ, ಉಸಿರು) ಚಾರ್ಟಿನಲ್ಲಿ ಎಲ್ಲರಿಗೂ 98.4 ಎಂದು ಬರೆದೆವು. ಪಾಳಿ ಮುಗಿದದ್ದೇ ಓಡಿದೆವು. ಶಾರದೆಯ ಮೂರ್ತಿ, ಹುಲಿವೇಷದ ತಾಸೆಯ ಸದ್ದು, ಸಾಲು ದೀಪ, ಕೈಯಲ್ಲಿ ಗೋಳಿಬಜೆಯ ಪೊಟ್ಟಣ. ಆ ರಾತ್ರಿಯ ಸಡಗರ ಇಂದಿಗೂ ನನ್ನ ಕಣ್ಣಲ್ಲಿದೆ.

ಹತ್ತಕ್ಕೆ ಮರಳಿದಾಗ ಹಾಸ್ಟೆಲಿನ ಬಾಗಿಲಲ್ಲಿ ಮೇಡಂ ನಿಂತಿದ್ದರು.

"ಮೆರವಣಿಗೆ ಚೆನ್ನಾಗಿತ್ತೇ? ಸಮವಸ್ತ್ರ ಹಾಕಿಕೊಂಡು ಏಳನೇ ಹಾಸಿಗೆಗೆ ಬನ್ನಿ."

ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಹುಡುಗ. ಎರಡು ಕಂಬಳಿ ಹೊದಿಸಿದ್ದರೂ ಮಂಚ ಅಲುಗುವಷ್ಟು ನಡುಗಿ, ಈಗ ಕಾದ ಹಂಚಿನಂತಾಗಿದ್ದ. ಥರ್ಮಾಮೀಟರಿನಲ್ಲಿ 104. ದಿನ ಬಿಟ್ಟು ದಿನ ಏರುವ ಜ್ವರವನ್ನು ವೈದ್ಯರು ಆ ಚಾರ್ಟಿನ ಗೆರೆ ನೋಡಿಯೇ ಗುರುತಿಸಬೇಕಿತ್ತು. ಗೆರೆ ಏರಬೇಕಾದಲ್ಲಿ ನಮ್ಮ ಸುಳ್ಳು ಚಪ್ಪಟೆಯಾಗಿ ಮಲಗಿತ್ತು. ಮೇಡಂ ನಮ್ಮ ಅಂಕಿಯನ್ನು ಹೊಡೆದುಹಾಕಿ, ನಿಜವಾದದ್ದನ್ನು ಗಂಟೆ ಸಮೇತ ನಮ್ಮಿಂದಲೇ ಬರೆಸಿ, ನಮ್ಮ ಸಹಿ ಹಾಕಿಸಿದರು.

ಬೆಳಗಿನವರೆಗೆ ಒದ್ದೆ ಬಟ್ಟೆಯಿಂದ ಮೈ ಒರೆಸಿದೆವು. ಮೇಡಂ ಎದ್ದು ಹೋಗಲಿಲ್ಲ. ಅವರ ಯಜಮಾನರು ಆಗ ದುಬೈಯಲ್ಲಿದ್ದರು, ಮಕ್ಕಳಿಬ್ಬರು ಪಕ್ಕದ ಮನೆಯಲ್ಲಿ ಮಲಗಿದ್ದರು. ನಡುರಾತ್ರಿ ಒಮ್ಮೆ ಫೋನಿನಲ್ಲಿ "ಚಿಕ್ಕವಳ ಕೆಮ್ಮು ಹೇಗಿದೆ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಮೆರವಣಿಗೆಯ ಸಂತೋಷವೆಲ್ಲ ಇಳಿದುಹೋದದ್ದು ಆಗಲೇ. ಬೆಳಿಗ್ಗೆ ಹುಡುಗ ಬೆವತು ತಣ್ಣಗಾದ ಮೇಲೆ ಮೇಡಂ ತಮ್ಮ ಬುತ್ತಿಯ ಕುಚ್ಚಲಕ್ಕಿ ಗಂಜಿಯನ್ನು ನಮ್ಮಿಬ್ಬರಿಗೆ ಬಡಿಸಿದರು.

ಮಸ್ಕತ್ತಿನಲ್ಲಿ ಹದಿನೆಂಟು ವರ್ಷ ದುಡಿದು, ವಾರ್ಡಿನ ಮುಖ್ಯಸ್ಥೆಯಾಗಿ ಮರಳಿದ್ದೇನೆ. ನನ್ನ ವಾರ್ಡಿನ ಚಾರ್ಟುಗಳಲ್ಲಿ ಊಹೆಯ ಅಂಕಿ ಒಂದೂ ಇರಲಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ಇಂದಿನ ಹುಡುಗಿಯರು ನಮಗಿಂತ ಚುರುಕು, ಇಂಗ್ಲಿಷ್ ಚೆನ್ನಾಗಿ ಬಲ್ಲರು, ಗೊಂಬೆಯ ಮೇಲೆ ಸೂಜಿ ಚುಚ್ಚಿ ಪಳಗಿರುತ್ತಾರೆ. ಆದರೆ ಬೆರಳಿಗೆ ಯಂತ್ರ ಸಿಕ್ಕಿಸಿ, ಪರದೆಯ ಸಂಖ್ಯೆ ಬರೆದುಕೊಂಡು, ರೋಗಿಯ ಮುಖ ನೋಡದೆ ಮುಂದಿನ ಹಾಸಿಗೆಗೆ ಹೋಗುವಾಗ ನನಗೆ ಸಂಕಟವಾಗುತ್ತದೆ. ಅವರಿಗೆ ಆ ಒಂದು ನಿಮಿಷ ನಿಲ್ಲುವುದನ್ನು ಕಲಿಸುವವರು ಬೇಕು.

ಜುಲೈಯ ಆ ಮಳೆಯ ದಿನ ಮೇಡಂ ಅವರ ಚಿಕ್ಕ ಮಗಳು ನಮಗೆ ಚಹಾ ಕೊಟ್ಟು ಪಕ್ಕದಲ್ಲಿ ಕುಳಿತಳು. ಬ್ಯಾಂಕಿನಲ್ಲಿ ಕೆಲಸ ಅವಳಿಗೆ. "ರಸ್ತೆ ದಾಟಿಸುವಾಗ ಅಮ್ಮ ನಮ್ಮ ಅಂಗೈ ಹಿಡಿಯುತ್ತಲೇ ಇರಲಿಲ್ಲ, ಅಕ್ಕಾ" ಎಂದಳು. "ಯಾವಾಗಲೂ ಮಣಿಕಟ್ಟು. ಆಚೆ ಬದಿ ಮುಟ್ಟಿದ ಮೇಲೂ ಸ್ವಲ್ಪ ಹೊತ್ತು ಬಿಡುತ್ತಿರಲಿಲ್ಲ."