ಐದೇ ನಿಮಿಷದ ಕೆಲಸ

‘ಐದೇ ನಿಮಿಷ, ಬಂದುಬಿಟ್ಟೆ’ ಎನ್ನುವವರಲ್ಲಿ ಹೆಚ್ಚಿನವರು ಸುಳ್ಳು ಹೇಳುತ್ತಿರುವುದಿಲ್ಲ. ಆ ಗಳಿಗೆಯಲ್ಲಿ ಅವರು ಅದನ್ನು ನಂಬಿಯೇ ಇರುತ್ತಾರೆ. ಕಾಯುವವರಿಗೆ ಮಾತ್ರ ಅದು ಅಸಡ್ಡೆಯಾಗಿ ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ಮನಸ್ತಾಪ ಶುರುವಾಗುವುದೇ ಇಲ್ಲಿಂದ ಎನ್ನುವುದು ಬೇಸರದ ಸಂಗತಿ, ಏಕೆಂದರೆ ಇದು ತಿದ್ದಿಕೊಳ್ಳಬಹುದಾದ ತಪ್ಪು.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವರ್‌ಸ್ಕಿ 1979ರಲ್ಲಿ, ಬೇಕಾಗುವ ಸಮಯವನ್ನು ಕಡಿಮೆ ಅಂದಾಜು ಮಾಡುವ ಈ ತಪ್ಪನ್ನು ‘ಪ್ಲಾನಿಂಗ್ ಫ್ಯಾಲಸಿ’ ಎಂದು ಕರೆದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕೆಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೈಕೊಟ್ಟರೆ? ಸುಮಾರು 49. ನಿಜವಾಗಿ ಹಿಡಿದದ್ದು 55 ದಿನಕ್ಕೂ ಹೆಚ್ಚು.

ಹಳೆಯ ಅನುಭವ ಯಾಕೆ ಪಾಠ ಕಲಿಸುವುದಿಲ್ಲ? ಪ್ರತಿ ಸಲದ ತಡಕ್ಕೂ ಬೇರೆ ಬೇರೆ ಕಾರಣ ಇರುತ್ತದೆ. ಒಮ್ಮೆ ಪ್ರಿಂಟರ್ ಕೆಟ್ಟಿತ್ತು, ಇನ್ನೊಮ್ಮೆ ಮಗುವಿಗೆ ಜ್ವರ, ಮತ್ತೊಮ್ಮೆ ಬೇಕಾದ ಕಾಗದವೇ ಸಿಗಲಿಲ್ಲ. ಪ್ರತಿಯೊಂದನ್ನೂ ‘ಅವತ್ತೊಂದು ದಿನ ಹಾಗಾಯಿತು’ ಎಂದು ಪಕ್ಕಕ್ಕಿಡುತ್ತೇವೆ. ಲೆಕ್ಕ ಹಾಕಿ ನೋಡಿ: ಒಂದಕ್ಕೊಂದು ಸಂಬಂಧವಿಲ್ಲದ ಐದು ತೊಡಕುಗಳಿವೆ, ಪ್ರತಿಯೊಂದೂ ಹತ್ತು ಸಲದಲ್ಲಿ ಒಂದು ಸಲ ಬರುತ್ತದೆ ಎಂದುಕೊಳ್ಳೋಣ. ಅವುಗಳಲ್ಲಿ ಯಾವುದಾದರೂ ಒಂದು ಇವತ್ತೇ ಎದುರಾಗುವ ಸಾಧ್ಯತೆ ಶೇ 41. ಯಾವ ತೊಡಕು ಎಂದು ಮುಂಚೆ ಹೇಳಲಾಗದು, ಆದರೆ ಹತ್ತು ಸಲದಲ್ಲಿ ಸುಮಾರು ನಾಲ್ಕು ಸಲ ಏನೋ ಒಂದು ಬಂದೇ ಬರುತ್ತದೆ.

ಹಾಗಾಗಿ ಕೆಲಸವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡು ಅಂದಾಜು ಮಾಡುವುದಕ್ಕಿಂತ ಹಳೆಯ ಲೆಕ್ಕ ನೋಡುವುದು ಮೇಲು. ಎರಡು ವಾರ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಕೆಲಸ ಶುರು ಮಾಡುವ ಮುಂಚೆಯೇ ಅಂದಾಜು ಬರೆಯಬೇಕು. ಮುಗಿದ ಮೇಲೆ ಬರೆದರೆ ಮನಸ್ಸು ಅಂದಾಜನ್ನು ಸದ್ದಿಲ್ಲದೆ ತಿದ್ದಿಬಿಡುತ್ತದೆ. ಮುಗಿದಾಗ ನಿಜವಾದ ಸಮಯವನ್ನು ಅಂದಾಜಿನಿಂದ ಭಾಗಿಸಿ. 1.2, 1.5, 1.6, 1.9, 3 ಎಂದು ಬಂದರೆ ನಡುವಿನ 1.6 ನಿಮ್ಮ ಗುಣಕ; ಮುಂದಿನ ಅಂದಾಜನ್ನು ಅದರಿಂದ ಗುಣಿಸಿ. ಸರಾಸರಿ ತೆಗೆದರೆ ಆ ಒಂದು 3 ಉಳಿದದ್ದನ್ನೆಲ್ಲ ಮೇಲೆಳೆಯುತ್ತದೆ. ಬರವಣಿಗೆ, ಮನೆಗೆಲಸ, ಓಡಾಟ ಇವಕ್ಕೆ ಬೇರೆ ಬೇರೆ ಗುಣಕ ಬೇಕು.

ಓಡಾಟದಲ್ಲಿ ಎಡವುವುದು ಹೆಚ್ಚಾಗಿ ಎರಡು ತುದಿಗಳಲ್ಲಿ. ಮೊಬೈಲಿನ ಮ್ಯಾಪ್ 25 ನಿಮಿಷ ಎಂದರೆ ಅದು ರಸ್ತೆಯ ಲೆಕ್ಕ. ಬೀಗದ ಕೈ, ಚಪ್ಪಲಿ ಹುಡುಕಲು 5, ಗಾಡಿ ಹೊರತೆಗೆಯಲು 3, ಅಲ್ಲಿ ನಿಲ್ಲಿಸಲು 6, ಮೆಟ್ಟಿಲು ಹತ್ತಿ ಒಳಗೆ ಹೋಗಲು 4 ಎಂದರೂ 43 ಆಯಿತು. ದಟ್ಟಣೆಯನ್ನು ದೂರುವವರು ಈ 18 ನಿಮಿಷವನ್ನು ಎಣಿಸಿಯೇ ಇರುವುದಿಲ್ಲ.

ಹೆಚ್ಚುವರಿ ಸಮಯ ಇಟ್ಟುಕೊಳ್ಳುವುದಾದರೆ ಒಂದೊಂದು ಹಂತಕ್ಕೂ ಹಂಚಬೇಡಿ. ಸಿಕ್ಕಿದ ಹೊತ್ತನ್ನೆಲ್ಲ ಕೆಲಸ ತುಂಬಿಕೊಳ್ಳುತ್ತದೆ. ಒಟ್ಟಾಗಿ ಕೊನೆಯಲ್ಲಿಡಿ.

ಇನ್ನೊಬ್ಬರಿಗೆ ಹೇಳುವಾಗ ಅಂಕಿ ಮತ್ತೆ ಕುಗ್ಗುತ್ತದೆ. ಎದುರಿನವರ ಮುಖ ಬಾಡಬಾರದೆಂಬ ಆಸೆ ಅದು, ಒಳ್ಳೆಯತನವೇ. ಆದರೆ ಅದರ ಬೆಲೆ ತೆರುವವರು ಅವರೇ. ‘ಬಹುಶಃ ನಾಳೆ ಮಧ್ಯಾಹ್ನ, ತಪ್ಪಿದರೆ ನಾಡಿದ್ದು ಸಂಜೆಯೊಳಗೆ’ ಎಂದು ಎರಡು ಗಡುವು ಕೊಡಿ. ಅರ್ಧ ಸಮಯ ಕಳೆದಾಗ ಅರ್ಧ ಕೆಲಸ ಮುಗಿದಿದೆಯೇ ನೋಡಿ, ಇಲ್ಲದಿದ್ದರೆ ಆಗಲೇ ತಿಳಿಸಿ. ಆಗ ಕೊಡುವ ಹೊಸ ಗಡುವನ್ನೂ ನಿಮ್ಮ ಗುಣಕದಿಂದ ಗುಣಿಸಿಯೇ ಹೇಳಿ. ತಡವಾದ ಸಂಕೋಚದಲ್ಲಿ ಬಾಯಿಗೆ ಬರುವ ಅಂಕಿ ಮೊದಲಿನದಕ್ಕಿಂತಲೂ ಚಿಕ್ಕದಾಗಿರುತ್ತದೆ.