‘ಆವರೇಜ್ ಎಷ್ಟು ಕೊಡ್ತೈತ್ರೀ?’

ಹೊಸ ಗಾಡಿ ತಗೊಂಡಾಗಿನಿಂದ ಸಿಕ್ಕವರೆಲ್ಲ ನನ್ನನ್ನು ಕೇಳುವುದು ಇದನ್ನೇ. ಬೆಲೆ ಎಷ್ಟಾಯ್ತು ಅನ್ನೋದು ಕೂಡ ಆಮೇಲೆ. ನನ್ನದು ಹೀರೋ ಸ್ಪ್ಲೆಂಡರ್ ಪ್ಲಸ್. ಧಾರವಾಡದಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುತ್ತೇನೆ, ಹೋಗಿಬರುವುದು ಸುಮಾರು 40 ಕಿಲೋಮೀಟರ್. ಗಾಡಿ ಈಗ ಒಂದು ಬೇಸಿಗೆ, ಒಂದು ಮಳೆಗಾಲ ಕಂಡಿದೆ. ಲೀಟರಿಗೆ 60ರಿಂದ 65 ಬರುತ್ತಿದೆ.

ಇಷ್ಟು ಹೇಳಿ ಸುಮ್ಮನಾಗಬಹುದು. ಆದರೆ ಕೇಳಿದವರಿಗೆ ಅದರಿಂದ ಉಪಯೋಗವಿಲ್ಲ. ಇದೇ ಗಾಡಿ ನಮ್ಮ ಆಫೀಸಿನ ಇನ್ನೊಬ್ಬರ ಹತ್ತಿರವೂ ಇದೆ, ಅವರಿಗೆ 50 ದಾಟುವುದೇ ಕಷ್ಟ. ಇಬ್ಬರದೂ ಅದೇ 97.2 ಸಿಸಿ ಇಂಜಿನ್, ಅದೇ ನಾಲ್ಕು ಗೇರು, ಅದೇ ರಸ್ತೆ. ಹಾಗಾಗಿ ಆವರೇಜ್ ಅನ್ನೋದು ಗಾಡಿ ಎಷ್ಟು ಕೊಡುತ್ತೆ ಅನ್ನುವುದಕ್ಕಿಂತ ನಾವು ಎಷ್ಟು ಉಳಿಸಿಕೊಳ್ಳುತ್ತೇವೆ ಅನ್ನುವುದರ ಮೇಲೆ ಜಾಸ್ತಿ ನಿಂತಿದೆ ಅಂತ ನನಗೆ ಅನ್ನಿಸಿದೆ.

ಅಳೆಯುವ ರೀತಿಯಿಂದಲೇ ಶುರು ಮಾಡೋಣ. ‘ಇನ್ನೂರು ರೂಪಾಯಿ ಹಾಕಿಸಿದೆ, ಮೂರು ದಿನ ಬಂತು’ ಅನ್ನುವುದು ಲೆಕ್ಕವಲ್ಲ. ಪೆಟ್ರೋಲ್ ಮುಳ್ಳು ನೋಡಿ ಹೇಳುವುದೂ ಲೆಕ್ಕವಲ್ಲ, ಗಾಡಿ ವಾಲಿದರೆ ಮುಳ್ಳೂ ವಾಲುತ್ತದೆ. ಟ್ಯಾಂಕ್ ಪೂರ್ತಿ ಹಾಕಿಸಿ, ಬಂಕಿನ ಪೈಪು ತಾನಾಗಿ ಮೊದಲ ಸಲ ನಿಂತ ಕಡೆ ಸಾಕು ಅನ್ನಿ. ಓಡೋಮೀಟರ್ ಫೋಟೋ ತೆಗೆದುಕೊಳ್ಳಿ. ಒಂದಷ್ಟು ದಿನ ಓಡಿಸಿ ಅದೇ ಬಂಕಿನಲ್ಲಿ, ಗಾಡಿಯನ್ನು ಅದೇ ರೀತಿ ನಿಲ್ಲಿಸಿ ಮತ್ತೆ ಪೂರ್ತಿ ಹಾಕಿಸಿ. 310 ಕಿಲೋಮೀಟರ್ ಓಡಿದ್ದರೆ, 5 ಲೀಟರ್ ಹಿಡಿದಿದ್ದರೆ, ನಿಮ್ಮ ಆವರೇಜ್ 62. ಒಂದೇ ಸಲದ ಲೆಕ್ಕ ನಂಬಬೇಡಿ. ಹೀಗೆ ಕೆಲವು ಸಲ ಮಾಡಿದ ಮೇಲೆ ಬರುವ ಸರಾಸರಿಯೇ ನಿಜ.

ಬರೆದಿಡಲು ಶುರು ಮಾಡಿದ ಮೇಲೆ ನನಗೆ ಗೊತ್ತಾದ ದೊಡ್ಡ ಸಂಗತಿ ಆಷಾಢದ ಗಾಳಿ. ಧಾರವಾಡ ಇರುವುದು ಹುಬ್ಬಳ್ಳಿಯ ವಾಯವ್ಯಕ್ಕೆ, ಮತ್ತು ಹುಬ್ಬಳ್ಳಿಗಿಂತ ಎತ್ತರದಲ್ಲಿ. ಮಳೆಗಾಲದ ಗಾಳಿ ಬೀಸುವುದು ಪಶ್ಚಿಮದಿಂದ. ಅಂದರೆ ಬೆಳಿಗ್ಗೆ ಇಳಿಜಾರು, ಗಾಳಿಯೂ ಬೆನ್ನಿಗೆ. ಸಂಜೆ ಉಣಕಲ್ ದಾಟಿ ರಾಯಾಪುರದ ಬಯಲಿಗೆ ಬಂದರೆ ಏರು, ಗಾಳಿ ಎದುರಿಗೆ. ಬೆಳಿಗ್ಗೆ ನಾಲ್ಕನೇ ಗೇರಿನಲ್ಲಿ ಹಗುರವಾಗಿ ಓಡುವ ಗಾಡಿ ಸಂಜೆ ನವಲೂರು ಸೇತುವೆ ಹತ್ತುವಾಗ ಮೂರನೇ ಗೇರು ಕೇಳುತ್ತದೆ. ಕೇಳಿದಾಗ ಕೊಟ್ಟುಬಿಡಿ. ನಾಲ್ಕರಲ್ಲೇ ಎಳೆದರೆ ಪೆಟ್ರೋಲ್ ಉಳಿಯುವುದಿಲ್ಲ, ಇಂಜಿನ್ ನಡುಗುತ್ತದೆ ಅಷ್ಟೇ. ಮಳೆಗಾಲದಲ್ಲಿ ಆವರೇಜ್ ಸ್ವಲ್ಪ ಇಳಿಯಿತು ಅಂತ ಮೆಕ್ಯಾನಿಕ್ ಹತ್ತಿರ ಓಡುವ ಮುಂಚೆ ಈ ಗಾಳಿ ನೆನಪಿರಲಿ.

ವೇಗವೂ ಇದೇ ಲೆಕ್ಕ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಸುಮಾರು ಎಂಟು ಎಚ್‌ಪಿ ಶಕ್ತಿಯ ಇಂಜಿನ್ನಿಗೆ ಇದು ಸಣ್ಣ ಮಾತಲ್ಲ. 45ರಿಂದ 50ರ ವೇಗದಲ್ಲಿ ಈ ಗಾಡಿ ಆರಾಮಾಗಿ ಹೋಗುತ್ತದೆ. 70ಕ್ಕೆ ಏರಿಸಿದರೆ ಮನೆಗೆ ಐದಾರು ನಿಮಿಷ ಬೇಗ ಮುಟ್ಟಬಹುದು, ಆದರೆ ಆವರೇಜ್ ಇಳಿದದ್ದು ಲೆಕ್ಕದ ಪುಸ್ತಕದಲ್ಲಿ ಕಂಡೇ ಕಾಣುತ್ತದೆ.

ಇನ್ನು ಟೈರಿನ ಗಾಳಿ. ಪಂಕ್ಚರ್ ಅಂಗಡಿಯಲ್ಲಿ ಎಷ್ಟೋ ಸಲ ಎಲ್ಲ ಗಾಡಿಗೂ ಒಂದೇ ಅಳತೆ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಮುಂದಿನ ಟೈರಿಗೆ ಎಷ್ಟು, ಹಿಂದಿನದಕ್ಕೆ ಎಷ್ಟು, ಹಿಂದೆ ಒಬ್ಬರು ಕೂತರೆ ಎಷ್ಟು ಅಂತ ಬೇರೆ ಬೇರೆ ಬರೆದಿರುತ್ತದೆ. ಅದನ್ನು ಹೇಳಿ ಹಾಕಿಸಿ, ಬೆಳಿಗ್ಗೆ ಟೈರು ತಣ್ಣಗಿದ್ದಾಗ. ಇದಕ್ಕೆ ಖರ್ಚೇ ಇಲ್ಲ ಅಲ್ವಾ, ಆದರೂ ಜಾಸ್ತಿ ಜನ ಮರೆಯುವುದು ಇದನ್ನೇ.

ಇನ್ನೊಂದು ಪರೀಕ್ಷೆ ಮನೆ ಮುಂದೆಯೇ ಮಾಡಬಹುದು. ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ಸುತ್ತಬೇಕು. ಉಜ್ಜುವ ಸದ್ದು ಬಂದು ಬೇಗ ನಿಂತರೆ ಡ್ರಮ್ ಬ್ರೇಕ್ ಬಿಗಿಯಾಗಿದೆ ಅಂತ ಅರ್ಥ. ಹಾಗಿದ್ದರೆ ಬ್ರೇಕ್ ಹಿಡಿದುಕೊಂಡೇ ದಿನಾ 40 ಕಿಲೋಮೀಟರ್ ಓಡಿಸಿದಂತೆ. ಸರ್ವಿಸ್ ಮುಗಿಸಿ ಗಾಡಿ ತರುವಾಗ ಇದನ್ನು ಅಲ್ಲೇ ನೋಡಿಕೊಳ್ಳಿ. ಚೈನ್ ಕೂಡ ಕೇಳಿ ನೋಡಿಸಿ. ಸ್ಪ್ಲೆಂಡರ್‌ನ ಚೈನ್ ಪೂರ್ತಿ ಮುಚ್ಚಿದ ಕವರಿನೊಳಗೆ ಇರುತ್ತದೆ. ನಮ್ಮ ಕಡೆಯ ಎರೆಮಣ್ಣಿನ ಕೆಸರಿಗೆ ಅದು ಬಹಳ ಒಳ್ಳೆಯದು. ಆದರೆ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಸಡಿಲಾಗಿ ಕವರಿಗೆ ಬಡಿಯುವ ತನಕ ಯಾರಿಗೂ ಅದರ ನೆನಪು ಬರುವುದಿಲ್ಲ.

ಆಯಿಲ್, ಏರ್ ಫಿಲ್ಟರ್ ಸರ್ವಿಸ್ ಪುಸ್ತಕದಲ್ಲಿ ಹೇಳಿದ ಹೊತ್ತಿಗೆ ಬದಲಿಸಿ. ಅದರಲ್ಲಿ ಗುಟ್ಟೇನಿಲ್ಲ.

ಇತ್ತೀಚೆಗೆ ಇದೇ ಪ್ರಶ್ನೆಗೆ ಬಾಲ ಸೇರಿಕೊಂಡಿದೆ: ‘ಎಥನಾಲ್ ಪೆಟ್ರೋಲಿನಿಂದ ಇಳಿದಿಲ್ಲವಾ?’ ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆಸಿದ ಇ20. ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಸ್ವಲ್ಪ ಇಳಿಯುವುದು ಸಹಜ. ಇ20ಗೆ ಅಂತ ತಯಾರಾಗದ ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. 65 ಕೊಡುತ್ತಿದ್ದ ಗಾಡಿ 62-63ಕ್ಕೆ ಬಂದರೆ ಇದು ಕಾರಣ ಇರಬಹುದು. 50ಕ್ಕೆ ಬಂದಿದ್ದರೆ ಮೊದಲು ಟೈರು, ಬ್ರೇಕ್ ನೋಡಿ.

ದುಡ್ಡಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ತಿಂಗಳಿಗೆ 1,000 ಕಿಲೋಮೀಟರ್, ಲೆಕ್ಕಕ್ಕೆ ಸುಲಭವಾಗಲಿ ಅಂತ ಲೀಟರಿಗೆ 100 ರೂಪಾಯಿ ಅಂತ ಇಟ್ಟುಕೊಳ್ಳೋಣ. 60 ಬಂದರೆ ಸುಮಾರು 1,670 ರೂಪಾಯಿ, 50 ಬಂದರೆ 2,000. ತಿಂಗಳಿಗೆ 330 ರೂಪಾಯಿ ವ್ಯತ್ಯಾಸ. ಸಣ್ಣದಲ್ಲ, ಉಳಿಸಬೇಕು. ಆದರೆ ಈ 330 ಉಳಿಸಲು ಸವೆದ ಟೈರಿನಲ್ಲೇ ಮಳೆಗಾಲ ಕಳೆಯುವವರನ್ನು, ಬ್ರೇಕ್ ಬೇಕೆಂದೇ ಸಡಿಲ ಇಟ್ಟುಕೊಳ್ಳುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಗಾಡಿಗೆ ಎರಡೂ ಕಡೆ 130 ಮಿಲಿಮೀಟರ್ ಡ್ರಮ್ ಬ್ರೇಕ್. ಕಾಲಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಅಷ್ಟು ಅನುಕೂಲ ಇದೆ. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಒದ್ದೆ ರಸ್ತೆಯಲ್ಲಿ ಮುಂದಿನ ವಾಹನದಿಂದ ದೂರ ಇಟ್ಟುಕೊಳ್ಳುವುದು ಬಿಟ್ಟು ಬೇರೆ ದಾರಿ ಇಲ್ಲ. ಹಿಂದೆ ಕೂತವರಿಗೂ ಐಎಸ್‌ಐ ಹೆಲ್ಮೆಟ್ ಹಾಕಿಸಿ.

ಹಳೇ ಗಾಡಿಯಿಂದ ಇದಕ್ಕೆ ಬರುವವರಿಗೆ ಒಂದು ಮಾತು. ವಾಹನದ ಹೊಗೆಗೆ ಮಿತಿ ಹಾಕುವ 2020ರ ಬಿಎಸ್6 ನಿಯಮದ ನಂತರ ಇದರಲ್ಲಿ ಕಾರ್ಬುರೇಟರ್ ಇಲ್ಲ, ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ರಿಸರ್ವ್‌ಗೆ ತಿರುಗಿಸುವ ಕೀಲಿಯೂ ಹೋಯಿತು. ಗಾಡಿ ಜಗ್ಗಿದಾಗ ಬಗ್ಗಿ ತಿರುಗಿಸಿ ಇನ್ನೂ ಒಂದಷ್ಟು ದೂರ ಹೋಗುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಜೊತೆಗೆ ಪೆಟ್ರೋಲ್ ಪಂಪ್ ಇರುವುದು ಟ್ಯಾಂಕಿನೊಳಗೆ, ಅದನ್ನು ತಣ್ಣಗಿಡುವುದೂ ಪೆಟ್ರೋಲೇ. ಮುಳ್ಳು ಕೆಂಪಿಗೆ ಬರುವ ಮುಂಚೆ ಹಾಕಿಸಿ.

ಇಷ್ಟೆಲ್ಲ ಕೇಳಿದ ಮೇಲೆ ಬರುವುದು ‘ಹಂಗಾದ್ರ ತಗೊಳ್ಳಲೇನ್ರೀ?’ ದಿನಕ್ಕೆ 40 ಕಿಲೋಮೀಟರ್ ಒಳಗೆ, 60ರ ವೇಗದೊಳಗೆ ಓಡಾಡುವವರಾದರೆ ಧಾರಾಳವಾಗಿ ತಗೊಳ್ಳಿ. ದಿನಾ ಹೈವೇ ಹಿಡಿದು ಬೆಳಗಾವಿಗೋ ಹಾವೇರಿಗೋ ಹೋಗಬೇಕಾದವರಿಗೆ ನಾನು ಬೇಡ ಅನ್ನುತ್ತೇನೆ. 112 ಕಿಲೋ ತೂಕದ ಗಾಡಿ ಇದು, ಪಕ್ಕದಲ್ಲಿ ದೊಡ್ಡ ಲಾರಿ ಹಾದರೆ ಅಲುಗುತ್ತದೆ, ಓವರ್‌ಟೇಕ್ ಮಾಡುವಷ್ಟು ಶಕ್ತಿ ಉಳಿದಿರುವುದಿಲ್ಲ. ಆವರೇಜ್ ಹತ್ತು ಕಡಿಮೆಯಾದರೂ ಪರವಾಗಿಲ್ಲ, 125 ಸಿಸಿ ಅಥವಾ ಅದಕ್ಕಿಂತ ದೊಡ್ಡದನ್ನು, ಮುಂದೆ ಡಿಸ್ಕ್ ಬ್ರೇಕ್ ಇರುವುದನ್ನು ನೋಡಿ.